ಮಾಸ್ಕೋಗೆ ಓದಲು ಹೋದ ಹುಡುಗಿ

ಸಾಲ್ಮಿಯಾದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಆ ಫ್ಲ್ಯಾಟಿಗೆ ನಾನು ಹೋಗುತ್ತಿದ್ದುದು ಒಬ್ಬ ಮುದುಕಿಗೆ ಮತ್ತೆ ನಡೆಯುವುದನ್ನು ಕಲಿಸಲು. ಬಚ್ಚಲಲ್ಲಿ ಜಾರಿ ಬಿದ್ದು ಆಕೆಯ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯವರು ಆಪರೇಷನ್ ಮಾಡಿ, ಹೊಸ ಕೀಲು ಕೂರಿಸಿ ಮನೆಗೆ ಕಳಿಸಿದ್ದರು. ಮುಂದಿನದು ನನ್ನಂಥವರ ಕೆಲಸ. ನಾನು ಫಿಸಿಯೊಥೆರಪಿಸ್ಟ್, ಊರು ಉಡುಪಿಯ ಹತ್ತಿರ. ಮದುವೆಯಾಗಿ ಕುವೈತಿಗೆ ಬಂದವಳು ಇಲ್ಲಿಯೇ ಉಳಿದಿದ್ದೇನೆ. ಗಂಡ ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಟೆಕ್ನಿಷಿಯನ್. ನಾನು ಹವಲ್ಲಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿದ್ದೇನೆ. ಎದ್ದು ಬರಲಾಗದ ರೋಗಿಗಳಿದ್ದರೆ ಕ್ಲಿನಿಕ್ಕಿನ ಕಾರಿನಲ್ಲಿ ಅವರ ಮನೆಗೇ ಹೋಗುತ್ತೇನೆ.

ಮೊದಲ ದಿನ ಬಾಗಿಲು ತೆರೆದದ್ದು ಆಕೆಯ ಮಗಳು. ಐವತ್ತು ದಾಟಿದ ಹೆಂಗಸು, ಸಿಟಿಯಲ್ಲಿ ಯಾವುದೋ ವಿದೇಶಿ ಕಂಪನಿಯಲ್ಲಿ ದೊಡ್ಡ ಹುದ್ದೆ, ಗಂಡ ಯುರೋಪಿನವನು. ಒಳಗೆ ಕರೆದುಕೊಂಡು ಹೋಗುವ ಮೊದಲು ಅವಳು ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ತಂದೆ ಸರ್ಕಾರದಲ್ಲಿದ್ದರು. ಅಮ್ಮನಿಗೆ ಆ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ. ಎಲ್ಲರಿಗೂ ಅಪ್ಪಣೆ ಕೊಡುತ್ತಾರೆ. ನೀವು ಬೇಸರ ಮಾಡಿಕೊಳ್ಳಬೇಡಿ."

ಯಾವ ದೇಶದ ಸರ್ಕಾರ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಕೆಂಪು ಸಮುದ್ರದ ಆಚೆಯ ದೇಶ ಎಂದಷ್ಟೇ ಹೇಳಬಲ್ಲೆ. ಬರೆಯಬೇಡ ಎಂದು ಕೇಳಿಕೊಂಡವಳೊಬ್ಬಳು ಇದ್ದಾಳೆ, ಅವಳ ತಮ್ಮಂದಿರು ಇನ್ನೂ ಅಲ್ಲೇ ಇದ್ದಾರೆ.

ಮುದುಕಿ ಎಂದೆನಾದರೂ ಆಕೆಯನ್ನು ನೋಡಿದರೆ ಆ ಪದ ಬಾಯಿಗೆ ಬರುತ್ತಿರಲಿಲ್ಲ. ಉದ್ದನೆಯ ಮೈಕಟ್ಟು, ಚಿಕ್ಕದಾಗಿ ಕತ್ತರಿಸಿದ ಬಿಳಿ ಕೂದಲು, ಹೆಗಲ ಮೇಲೆ ಅಂಚು ನೇಯ್ದ ತೆಳು ಹತ್ತಿಯ ಶಾಲು. ನೋವಿನಲ್ಲೂ ಬೆನ್ನು ಬಾಗಿಸದೆ ಕೂರುವವಳು. ಇಲ್ಲಿಯ ಕ್ಲಿನಿಕ್ಕುಗಳಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ನಾವು, ಅಮ್ಮ ಎಂಬ ಅರ್ಥದಲ್ಲಿ, 'ಮಾಮಾ' ಎಂದು ಕರೆಯುತ್ತೇವೆ. ಆಕೆಗೂ ಹಾಗೇ ಕರೆದೆ. ಒಂದು ಕ್ಷಣ ನನ್ನನ್ನು ನೋಡಿ, "ಆಗಲಿ, ಅದೂ ಒಂದು ಪದವಿಯೇ," ಎಂದಳು.

ನನಗೆ ಆಕೆ ಇಷ್ಟವಾದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳಿದ ವ್ಯಾಯಾಮವನ್ನು ತಪ್ಪದೆ ಮಾಡುವ ರೋಗಿಗಳು ಕಡಿಮೆ. ಆಕೆ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದಳು. ಕೆಲಸ ಮುಗಿದ ಮೇಲೆ ಕಾಫಿ ಕುಡಿಯದೆ ನನ್ನನ್ನು ಬಿಡುತ್ತಿರಲಿಲ್ಲ. "ಕೆಲಸ ಮುಗಿಸಿ ಓಡುವವರನ್ನು ನಾನು ನಂಬುವುದಿಲ್ಲ," ಎನ್ನುತ್ತಿದ್ದಳು. ಒಂದು ದಿನ, ನಾನು ಚಿಕ್ಕವಳಿದ್ದಾಗ ನಮ್ಮೂರಿನ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರೇ ಎಂದು ಕೇಳಿದಳು. ಎಲ್ಲರೂ ಹೋಗುತ್ತಿದ್ದೆವು ಎಂದೆ.

"ನಿಮ್ಮ ಪುಣ್ಯ. ನಮ್ಮಲ್ಲಿ ಹಳ್ಳಿಯ ಹೆಂಗಸರಿಗೆ ತಮ್ಮ ಹೆಸರು ಬರೆಯಲು ಬರುತ್ತಿರಲಿಲ್ಲ. ನಾವು ಅದನ್ನು ಬದಲಾಯಿಸಿದೆವು. ಅಜ್ಜಿಯರು ಸ್ಲೇಟು ಹಿಡಿದು ಮರದಡಿ ಕೂರುತ್ತಿದ್ದರು. ಅದನ್ನು ನೀನು ನೋಡಬೇಕಿತ್ತು."

ಹೇಳುವಾಗ ಆಕೆಯ ಕಣ್ಣು ಹೊಳೆಯುತ್ತಿತ್ತು. ಸುಳ್ಳು ಹೇಳುವವರ ಕಣ್ಣಾಗಿರಲಿಲ್ಲ. ಅದು ಸುಳ್ಳಲ್ಲ ಎಂದು ನನಗೆ ಆಮೇಲೆಯೂ ಅನ್ನಿಸಿದೆ. ಆ ಅಜ್ಜಿಯರು ನಿಜವಾಗಿಯೂ ಓದು ಕಲಿತಿದ್ದರು.

ಆರಂಭದ ವಾರಗಳಲ್ಲಿ ಆಕೆಯನ್ನು ನಿಲ್ಲಿಸಲು ಇಬ್ಬರು ಬೇಕಾಗಿತ್ತು. ನನ್ನ ಜೊತೆ ಬರುತ್ತಿದ್ದ ಫಿಲಿಪೈನ್ಸಿನ ಹುಡುಗಿ ರಜೆಯ ಮೇಲೆ ಊರಿಗೆ ಹೋದಳು. ಅವಳ ಬದಲಿಗೆ ಕ್ಲಿನಿಕ್ಕಿನವರು ಕಳಿಸಿದ್ದು ದೀದಿಯನ್ನು.

ದೀದಿ ಎಂದು ನಾನು ಕರೆಯುವುದು. ಉಳಿದವರಿಗೆ ಅವಳು ಸಿಸ್ಟರ್. ಅವಳೂ ಅದೇ ದೇಶದವಳು. ಬಹಳ ಹಿಂದೆ ಒಂದು ಕುವೈತಿ ಮನೆಯ ಕೆಲಸಕ್ಕೆಂದು ಬಂದು, ಆ ಮನೆಯ ಅಜ್ಜಿಯನ್ನು ಸಾಯುವವರೆಗೂ ನೋಡಿಕೊಂಡು, ಅದೇ ಕೆಲಸ ಕಲಿತು ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿದವಳು. ಮಲಯಾಳಿ ನರ್ಸುಗಳಿಂದ, ನಮ್ಮಂಥವರಿಂದ ಹಿಂದಿ ಕಲಿತಿದ್ದಾಳೆ. ಅವಳು ಮಾತನಾಡುವುದು ಅರ್ಧ ಹಿಂದಿ, ಅರ್ಧ ಅರಬಿ, ನಡುವೆ ಇಂಗ್ಲಿಷ್. ನನ್ನನ್ನು ಪ್ರೀತಿಯಿಂದ 'ಹಬೀಬ್ತಿ' ಎನ್ನುತ್ತಾಳೆ. ನಾನು ಹೊಸಬಳಾಗಿದ್ದಾಗ ಅಳುವ ರೋಗಿಗಳ ಮುಂದೆ ಹೇಗೆ ನಿಲ್ಲಬೇಕು ಎನ್ನುವುದನ್ನು ಅವಳನ್ನು ನೋಡಿಯೇ ಕಲಿತೆ.

ಆ ದಿನ ನಾನು ವಾಕರ್ ಸರಿಪಡಿಸುತ್ತಿದ್ದೆ. ರೋಗಿ ಬೀಳದಂತೆ ಹಿಡಿದುಕೊಳ್ಳಲು ಸೊಂಟಕ್ಕೊಂದು ಅಗಲದ ಬೆಲ್ಟ್ ಕಟ್ಟುತ್ತೇವೆ. ದೀದಿ ಮಂಡಿಯೂರಿ ಅದನ್ನು ಕಟ್ಟುತ್ತಿದ್ದಳು. "ಇನ್ನೂ ಬಿಗಿಯಾಗಿ ಕಟ್ಟು, ನಾನೇನು ಗಾಜಿನವಳಲ್ಲ," ಎಂದು ಮುದುಕಿ ಇಂಗ್ಲಿಷಿನಲ್ಲಿ ಹೇಳಿದಳು. ದೀದಿಯ ಕೈ ನಿಂತಿತು. ತಲೆಯೆತ್ತಿ ಆಕೆಯ ಮುಖ ನೋಡಿದಳು. ಮುದುಕಿಗೂ ಇವಳು ತನ್ನ ದೇಶದವಳೆಂದು ಆಗ ಗೊತ್ತಾಯಿತು. ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಯಾವ ಊರು ಎಂದಿರಬೇಕು, ದೀದಿ ಒಂದೇ ಪದದಲ್ಲಿ ಉತ್ತರಿಸಿದಳು. ಆಮೇಲೆ ಬೆಲ್ಟ್ ಬಿಗಿದು, ಎದ್ದು, ಹಿಂದಿನಿಂದ ಹಿಡಿದುಕೊಂಡಳು. ಕಿಟಕಿಯವರೆಗೂ ನಡೆಸಿಕೊಂಡು ಹೋಗಿ ಬಂದೆವು. ಎಲ್ಲಿಯೂ ಎಡವಲಿಲ್ಲ. ಕಾಫಿ ಬಂದಾಗ ದೀದಿ, ಹೊಟ್ಟೆ ಸರಿಯಿಲ್ಲ ಎಂದು ಬಟ್ಟಲನ್ನು ಮುಟ್ಟಲಿಲ್ಲ.

ಕಾರು ಸಮುದ್ರದ ಬದಿಯ ರಸ್ತೆಗೆ ಬಂದ ಮೇಲೆ ದೀದಿ ಕೇಳಿದಳು, "ಅವಳು ಯಾರು ಅಂತ ಗೊತ್ತಾ ನಿನಗೆ?"

"ಗಂಡ ಸರ್ಕಾರದಲ್ಲಿದ್ದರಂತೆ."

"ಸರ್ಕಾರ," ಎಂದಳು ದೀದಿ. ಹೊರಗೆ ನೋಡುತ್ತ ಕೂತಳು. "ಅವಳು ರೇಡಿಯೋದ ಹೆಂಗಸು. ನಾನು ಮುಖ ನೋಡಿ ಗುರುತು ಹಿಡಿದದ್ದಲ್ಲ. ದನಿ. ದನಿಗೆ ವಯಸ್ಸಾಗಿಲ್ಲ," ಎಂದಳು.

ದೀದಿ ಚಿಕ್ಕವಳಿದ್ದಾಗ ಅವಳ ದೇಶದಲ್ಲಿ ಕ್ರಾಂತಿಯಾಗಿ ರಾಜನನ್ನು ಇಳಿಸಿದ್ದರು. ಆಮೇಲೆ ಅಧಿಕಾರಕ್ಕೆ ಬಂದ ಯೂನಿಫಾರ್ಮಿನ ಗಂಡಸರಲ್ಲಿ ಈ ಮುದುಕಿಯ ಗಂಡ ಮೇಲಿನ ಸಾಲಿನವನು. ಅವರು ಮೊದಲು ಹಳೆಯ ಶ್ರೀಮಂತರನ್ನು ಕೊಂದರು, ನಂತರ ತಮ್ಮನ್ನು ಒಪ್ಪದ ಓದಿದ ಹುಡುಗ ಹುಡುಗಿಯರನ್ನು ಕೊಂದರು. ಹೆಂಡತಿ ಹೆಂಗಸರ ಸಂಘದ ಮುಖ್ಯಸ್ಥೆ. ಪ್ರತಿ ಬೆಳಿಗ್ಗೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ, ರೇಡಿಯೋದಲ್ಲಿ ಆಕೆಯ ಮಾತು ಬರುತ್ತಿತ್ತು. ಮಕ್ಕಳಿಗೆ ಹಾಲು ಕೊಡಿ, ನೀರು ಕುದಿಸಿ ಕುಡಿಯಿರಿ, ಕ್ರಾಂತಿಯ ಶತ್ರು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದ್ದರೂ ತೋರಿಸಿಕೊಡಿ. ಇದೆಲ್ಲ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಬರುತ್ತಿತ್ತಂತೆ.

"ನನ್ನ ಅಕ್ಕನನ್ನು ರಸ್ತೆಯಿಂದ ಎತ್ತಿಕೊಂಡು ಹೋದರು," ಎಂದಳು ದೀದಿ. "ಹೈಸ್ಕೂಲಿನ ಕೊನೇ ವರ್ಷ. ಬ್ಯಾಗು ಪಕ್ಕದ ಮನೆಯವರಿಗೆ ಸಿಕ್ಕಿತು, ಅವಳು ಸಿಗಲಿಲ್ಲ."

ತಾಯಿ ಜೈಲುಗಳ ಬಾಗಿಲಿಗೆ ಹೋದಳು. ಅಲ್ಲಿ ಯಾರೂ ಉತ್ತರ ಕೊಡದಿದ್ದಾಗ ರೇಡಿಯೋದ ಹೆಂಗಸಿನ ಬಂಗಲೆಯ ಗೇಟಿಗೆ ಹೋಗತೊಡಗಿದಳು. ಅವಳೂ ಹೆಂಗಸು, ಅವಳಿಗೂ ಮಗಳಿದ್ದಾಳೆ, ಕೇಳಿಸಿಕೊಳ್ಳುತ್ತಾಳೆ ಎಂದು. ಅವಳಂಥ ತಾಯಂದಿರು ಇನ್ನೂ ಎಷ್ಟೋ ಮಂದಿ ಅಲ್ಲಿ ನಿಂತಿರುತ್ತಿದ್ದರು. ಒಂದು ಮಧ್ಯಾಹ್ನ ತಾಯಿ ನಗುತ್ತ ಮನೆಗೆ ಬಂದಳು. ಬಹಳ ದಿನದ ಮೇಲೆ ಒಲೆ ಹಚ್ಚಿ ಅಡುಗೆ ಮಾಡಿದಳು. ಮಕ್ಕಳನ್ನು ಕೂರಿಸಿಕೊಂಡು ಹೇಳಿದಳು: ಅಕ್ಕನಿಗೆ ಏನೂ ಆಗಿಲ್ಲ, ಸರ್ಕಾರದವರೇ ಅವಳನ್ನು ಮಾಸ್ಕೋಗೆ ಓದಲು ಕಳಿಸಿದ್ದಾರೆ, ಗುಟ್ಟಿನ ವಿಷಯ, ಯಾರಿಗೂ ಹೇಳಬಾರದು. ಯಾರು ಹೇಳಿದ್ದು ಎಂದರೆ, ನಂಬಬಹುದಾದವರು ಎಂದಷ್ಟೇ ಹೇಳಿದಳು.

"ಆಮೇಲೆ ಅವಳು ಸ್ವೆಟರ್ ಹೆಣೆಯಲು ಶುರು ಮಾಡಿದಳು," ಎಂದಳು ದೀದಿ. "ಮಾಸ್ಕೋದಲ್ಲಿ ಚಳಿಯಲ್ಲವಾ. ವಿದೇಶದಿಂದ ವಿದ್ಯಾರ್ಥಿಗಳು ಬರುತ್ತಾರೆ ಅಂತ ಕೇಳಿದ ದಿನವೆಲ್ಲ ನನ್ನ ಕೈ ಹಿಡಿದುಕೊಂಡು ಏರ್‌ಪೋರ್ಟಿಗೆ ಹೋಗುತ್ತಿದ್ದಳು. ಎಲ್ಲರೂ ಇಳಿದು ಹೋದ ಮೇಲೂ ನಿಲ್ಲುತ್ತಿದ್ದಳು."

ವರ್ಷಗಳ ಮೇಲೆ ಜೈಲಿನಿಂದ ಹೊರಗೆ ಬಂದ ಒಬ್ಬ ಹೆಂಗಸು ದೀದಿಯ ತಮ್ಮಂದಿರನ್ನು ಹುಡುಕಿಕೊಂಡು ಬಂದು ನಿಜ ಹೇಳಿದ್ದಳು. ಅಕ್ಕನನ್ನು ಹಿಡಿದ ಕೆಲವೇ ದಿನಗಳಲ್ಲಿ ಗುಂಡಿಕ್ಕಿ ಕೊಂದಿದ್ದರು. ಮಕ್ಕಳು ತಾಯಿಗೆ ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಮಗಳು ರಷ್ಯಾದಲ್ಲಿ ಮದುವೆಯಾಗಿ ತಮ್ಮನ್ನೆಲ್ಲ ಮರೆತಿದ್ದಾಳೆ ಎಂದು ಕೋಪಿಸಿಕೊಂಡೇ ತಾಯಿ ಸತ್ತಳು. ಅಕ್ಕನಿಗಾಗಿ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಆ ಕಾಲದಲ್ಲಿ ಕೊಲೆಯಾದವರಿಗಾಗಿ ಅಳಬಾರದು, ಕಪ್ಪು ಬಟ್ಟೆ ಉಡಬಾರದು ಎಂದು ಸರ್ಕಾರದ ಆಜ್ಞೆಯಿತ್ತು. ಆ ಕಾಲ ಹೋದ ಮೇಲೆ, ಬದುಕಿರುವವಳಿಗೆ ಯಾಕೆ ಅಳಬೇಕು ಎಂದು ತಾಯಿ ಬಿಡಲಿಲ್ಲ.

ಸಂಜೆ ಮನೆಯಲ್ಲಿ ಮೊಬೈಲಿನಲ್ಲಿ ಹುಡುಕಿದೆ. ಹಳೆಯ ಕಪ್ಪು ಬಿಳುಪು ಫೋಟೋ ಸಿಕ್ಕಿತು. ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಯೂನಿಫಾರ್ಮಿನ ಗಂಡಸರು, ಅವರ ಪಕ್ಕದಲ್ಲಿ ಎತ್ತರದ, ಕತ್ತರಿಸಿದ ಕೂದಲಿನ ಚೆಲುವೆ. ನೆಟ್ಟಗೆ ನಿಂತ ಆ ಬೆನ್ನನ್ನು ನಾನು ವಾರಗಟ್ಟಲೆ ಕೈಯಿಟ್ಟು ಹಿಡಿದಿದ್ದೆ. ಗಂಡನಿಗೆ ತೋರಿಸಿದೆ. ಅವರು ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಿದ್ದರು.

"ಅದೆಲ್ಲ ನಮಗೆ ಎಂತಕ್ಕೆ ಮಾರಾಯ್ತಿ?" ಎಂದರು. "ನೀನು ಹೋಗುದು ಕಾಲು ನೋಡ್ಲಿಕ್ಕೆ. ನಾವು ಇಲ್ಲಿಗೆ ಬಂದದ್ದು ದುಡಿಲಿಕ್ಕೆ. ಇಲ್ಲಿ ಇರ್ಲಿಕ್ಕೆ ಇಕಾಮಾ ಉಂಟು, ಕೆಲಸ ಉಂಟು, ಸುಮ್ಮನೆ ಇರುವ."

"ದೀದಿಗೆ ಎಂತ ಹೇಳುದು ನಾನು?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಅದು ನನಗೂ ಗೊತ್ತಿಲ್ಲ," ಎಂದರು.

ದೀದಿ ಇನ್ನು ಆ ಮನೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಭೇಟಿಯ ದಿನ ಅವಳು ನನಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು. "ಗಲಾಟೆ ಮಾಡುವುದಿಲ್ಲ," ಎಂದಳು. "ಒಂದು ಮಾತು ಕೇಳಬೇಕು, ಅಷ್ಟೇ. ಖಲಾಸ್."

ಬೇಡ ಎನ್ನುವ ಅಧಿಕಾರ ನನಗಿತ್ತು. ರೋಗಿಯ ಮನೆಯಲ್ಲಿ ನಮ್ಮ ಸ್ವಂತ ವಿಷಯ ಎತ್ತಬಾರದು ಎನ್ನುವುದು ಕೆಲಸಕ್ಕೆ ಸೇರಿದ ದಿನವೇ ನಮಗೆ ಹೇಳುವ ಮಾತು. ಆದರೂ ಅವಳನ್ನು ಇಳಿಯಲು ಹೇಳುವುದು ನನ್ನಿಂದಾಗಲಿಲ್ಲ. ದಾರಿಯುದ್ದಕ್ಕೂ ಧೂಳಿನ ಗಾಳಿ ಬೀಸುತ್ತಿತ್ತು. ಎದುರಿನ ಕಟ್ಟಡಗಳು ಮಸುಕಾಗಿದ್ದವು, ಡ್ರೈವರ್ ಹೆಡ್‌ಲೈಟ್ ಹಾಕಿಕೊಂಡು ನಿಧಾನವಾಗಿ ಓಡಿಸಿದ.

ಆ ದಿನ ಮುದುಕಿ ಹಜಾರದ ಕೊನೆಯವರೆಗೂ ನಡೆದಳು. ಖುಷಿಯಲ್ಲಿದ್ದಳು. ದೀದಿ ಈಗ ಕೇಳುತ್ತಾಳೋ, ಆಗ ಕೇಳುತ್ತಾಳೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ನಿಂತವಳಿಗೆ ಗಾಬರಿಯಾಗಿ ಬಿದ್ದರೆ ಎಂಬ ಭಯ ಬೇರೆ. ನನ್ನ ಮುಖ ನೋಡಿ ದೀದಿ ಹಿಂದಿಯಲ್ಲಿ ಮೆಲ್ಲಗೆ, "ಮೊದಲು ಕೂರಿಸೋಣ," ಎಂದಳು. ಕುರ್ಚಿಯಲ್ಲಿ ಕೂರಿಸಿದಳು, ಬೆಲ್ಟ್ ಬಿಚ್ಚಿದಳು, ಬೆನ್ನಿಗೆ ದಿಂಬು ಇಟ್ಟಳು. ಆಮೇಲೆ ನೆಲದ ಮೇಲೆ ಆಕೆಯ ಎದುರಿಗೆ ಕೂತು ಕೇಳಿದಳು.

ಆ ಮಾತಿನಲ್ಲಿ ನನಗೆ ತಿಳಿದ ಪದ ಒಂದೇ. ಮಾಸ್ಕೋ.

ಮುದುಕಿ ಹೆಗಲ ಶಾಲು ಸರಿಮಾಡಿಕೊಂಡಳು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ನಂತರ ಒಂದು ಚಿಕ್ಕ ವಾಕ್ಯ ಹೇಳಿದಳು. ದೀದಿ ಇನ್ನೊಮ್ಮೆ ಕೇಳಿದಳು. ಈ ಸಲದ ಉತ್ತರ ಉದ್ದವಾಗಿತ್ತು. ಆಕೆ ಕೈಯೆತ್ತಿ, ಏನನ್ನೋ ವಿವರಿಸುವಂತೆ, ನಿಧಾನವಾಗಿ ಮಾತನಾಡಿದಳು. ರೇಡಿಯೋದಲ್ಲಿ ಹೀಗೇ ಮಾತನಾಡುತ್ತಿದ್ದಿರಬೇಕು. ದೀದಿ ಪೂರ್ತಿ ಕೇಳಿದಳು. ಒಂದು ಮಾತು ಹೇಳಿ ಎದ್ದಳು. ಬೆಲ್ಟ್, ಟವೆಲ್ ಎಲ್ಲ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಲಿಫ್ಟಿನ ಹತ್ತಿರ ಹೋಗಿ ನಿಂತಳು.

ಕಾರಿನಲ್ಲಿ ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ನಮ್ಮಮ್ಮನಿಗೆ ಮಾಸ್ಕೋ ಅಂತ ಹೇಳಿದ್ದು ನೀನಾ ಅಂತ ಕೇಳಿದೆ. ನಿನ್ನ ಅಮ್ಮ ಯಾರೋ ನನಗೆ ನೆನಪಿಲ್ಲ ಅಂದಳು. ಗೇಟಿನಲ್ಲಿ ನಿಂತಿದ್ದವಳು, ಮಗಳನ್ನು ಕೇಳಿಕೊಂಡು ಬಂದವಳು ಅಂದೆ. ಹಾಗಾದರೆ ನಾನೇ ಹೇಳಿರಬೇಕು ಅಂದಳು. ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳಂತೆ. ಹೆಣ್ಣುಮಕ್ಕಳ ತಾಯಂದಿರಿಗೆಲ್ಲ ಮಾಸ್ಕೋ. ಅವರು ಸಮಾಧಾನವಾಗಿ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದರು ಅಂದಳು."

"ನೀನು ಏನೆಂದೆ?"

"ನಮ್ಮಮ್ಮ ನಿದ್ದೆ ಮಾಡಲಿಲ್ಲ ಅಂದೆ."

ಅವಳು ಅಳಲಿಲ್ಲ. ಸ್ಕಾರ್ಫಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಕ್ಲಿನಿಕ್ಕಿಗೆ ಬಂದು ಮುಂದಿನ ರೋಗಿಗೆ ಬಿಸಿ ಶಾಖದ ಪ್ಯಾಕ್ ಇಟ್ಟಳು. ಸುಡುತ್ತದೆಯೇ ಎಂದು ಎಂದಿನಂತೆಯೇ ಕೇಳಿದಳು.

ಮರುದಿನ ಮಗಳು ಕ್ಲಿನಿಕ್ಕಿಗೆ ಫೋನ್ ಮಾಡಿ, ಆ ಸಹಾಯಕಿಯನ್ನು ಇನ್ನು ಕಳಿಸಬೇಡಿ ಎಂದಳು. ಕಾರಣ ಹೇಳಲಿಲ್ಲ, ದೂರೂ ಕೊಡಲಿಲ್ಲ. ಈ ಕೇಸನ್ನು ಬೇರೆಯವರಿಗೆ ಕೊಡಿ ಎಂದು ನಾನು ಮ್ಯಾನೇಜರರನ್ನು ಕೇಳಿದೆ. ಬೇರೆಯವರು ಇರಲಿಲ್ಲ. ಮುದುಕಿಯೂ ನಾನೇ ಬೇಕು ಎಂದಳಂತೆ.

ಒಬ್ಬಳೇ ಹೋದೆ. ಆಕೆಗೆ ಈಗ ಒಬ್ಬರ ಆಸರೆ ಸಾಕಾಗುತ್ತಿತ್ತು. ಮೊಣಕಾಲು ಮಡಿಸುವಾಗ ಆಕೆ ಮುಖ ಕಿವುಚಿದಳು. ಬೇಕೆಂದೇ ನೋಯಿಸಿದೆನೇ ಎಂದು ನನಗೇ ಅನುಮಾನ ಬಂದು ಕೈ ತೆಗೆದೆ.

"ಅವಳು ನಿನಗೆ ಎಲ್ಲ ಹೇಳಿದ್ದಾಳೆ," ಎಂದಳು ಮುದುಕಿ.

ಹೌದೆಂದೆ.

"ಒಂದು ಹುಡುಗಿಯ ಬಗ್ಗೆ ನಾನು ಗಂಡನನ್ನು ಕೇಳಿದ್ದೆ. ಆರಂಭದಲ್ಲಿ. ಊಟದ ಮೇಜಿನಲ್ಲಿ. ಅವರು ತಟ್ಟೆಯಿಂದ ಕಣ್ಣೆತ್ತದೆ, ಅವಳ ಬಗ್ಗೆ ಕೇಳಿದರೆ ಮುಂದೆ ನಿನ್ನ ಬಗ್ಗೆಯೂ ಯಾರಾದರೂ ಕೇಳಬೇಕಾಗುತ್ತದೆ ಎಂದರು. ಅಂದಿನಿಂದ ಕೇಳಲಿಲ್ಲ. ಕೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಗೇಟಿನಲ್ಲಿ ಆ ತಾಯಂದಿರು ನಿಂತಿರುತ್ತಿದ್ದರು. ಜೇನು ತರುತ್ತಿದ್ದರು, ಮೊಟ್ಟೆ ತರುತ್ತಿದ್ದರು. ಸತ್ತಿದ್ದಾಳೆ ಎಂದು ನಾನು ಹೇಳುವ ಹಾಗಿರಲಿಲ್ಲ. ಗೊತ್ತಿಲ್ಲ ಎಂದರೆ ಮರುದಿನವೂ ಬರುತ್ತಿದ್ದರು. ನೀನು ಹೇಳು, ನಾನು ಏನು ಹೇಳಬೇಕಿತ್ತು?"

"ಅವರಲ್ಲಿ ಕೆಲವರು ಇವತ್ತಿಗೂ ಕಾಯುತ್ತಿರಬಹುದು," ಎಂದೆ.

"ಕಾಯುವುದು ಅಳುವುದಕ್ಕಿಂತ ಹಗುರ ಎಂದುಕೊಂಡಿದ್ದೆ," ಎಂದಳು ಆಕೆ. ನಂತರ, "ಆ ಹೆಂಗಸನ್ನು ಇನ್ನೊಮ್ಮೆ ಕರೆದುಕೊಂಡು ಬಾ. ಮಗಳಿಗೆ ನಾನು ಹೇಳುತ್ತೇನೆ," ಎಂದಳು. ಅದು ಬೇಡಿಕೆಯೋ ಅಪ್ಪಣೆಯೋ ನನಗೆ ಗೊತ್ತಾಗಲಿಲ್ಲ. ಆಕೆಯ ದನಿಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಕ್ಷಮೆ ಎಂಬ ಪದವನ್ನು ಆಕೆ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ದೀದಿಗೆ ತಿಳಿಸಿದೆ. "ಯಾಕೆ?" ಎಂದಳು. "ನನಗೆ ಬೇಕಾದದ್ದು ಸಿಕ್ಕಿತು. ಯಾರು ಹೇಳಿದ್ದು ಅಂತ ಗೊತ್ತಾಯಿತು. ಅವಳಿಗೆ ಬೇಕಾದದ್ದು ನನ್ನ ಹತ್ತಿರ ಇಲ್ಲ."

ಕೆಲವು ದಿನಗಳ ಮೇಲೆ ನಾನು ಆ ಕಟ್ಟಡದಿಂದ ಇಳಿದು ಕಾರಿಗೆ ಕಾಯುತ್ತಿದ್ದಾಗ ಮಗಳು ಆಫೀಸಿನಿಂದ ಬಂದಳು. ಕಾರು ನಿಲ್ಲಿಸಿ ಇಳಿಯದೆ ಸ್ವಲ್ಪ ಹೊತ್ತು ಕೂತಿದ್ದವಳು, ಕಿಟಕಿಯ ಗಾಜು ಇಳಿಸಿ ನನ್ನನ್ನು ಕರೆದಳು. ಹೊರಗೆ ನಿಲ್ಲಲಾಗದ ಬಿಸಿಲು. ಪಕ್ಕದ ಸೀಟಿನಲ್ಲಿ ಕೂತೆ.

"ಅಮ್ಮ ಆ ಹೆಂಗಸಿಗೆ ಏನು ಹೇಳಿದರು?"

"ನಿಮ್ಮ ಅಮ್ಮನನ್ನೇ ಕೇಳಿ," ಎಂದೆ.

"ಕೇಳಿದೆ. ಹಳೆಯ ವಿಷಯ ಎನ್ನುತ್ತಾರೆ. ಸರ್ಕಾರ ಬಿದ್ದು, ಅಪ್ಪ ಜೈಲಿನಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಹಳೆಯ ವಿಷಯ." ಅವಳು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮಾತನಾಡುತ್ತಿದ್ದಳು. "ನನಗೆ ಆ ಗೇಟು ನೆನಪಿದೆ. ಹೆಂಗಸರು ನಿಂತಿರುತ್ತಿದ್ದರು. ಅವರು ಅಮ್ಮನ ಗೆಳತಿಯರು ಎಂದುಕೊಂಡು ನಾನು ಮಹಡಿಯಿಂದ ಕೈ ಬೀಸುತ್ತಿದ್ದೆ. ಅವರೂ ಬೀಸುತ್ತಿದ್ದರು. ಅವರು ತಂದ ಜೇನನ್ನು ನಾನು ತಿಂದಿದ್ದೇನೆ."

ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು ಎಂದು ನಿಯಮ ಹೇಳುತ್ತದೆ. ಕೊನೆಗೆ, "ಅವರಿಗಾಗಿ ನಾನೇನಾದರೂ ಮಾಡಬಹುದೇ?" ಎಂದಳು.

"ಗೊತ್ತಿಲ್ಲ," ಎಂದೆ.

ಮುಂದಿನ ವಾರ ದೀದಿ ನನಗೆ ಶುಕ್ರವಾರ ಮನೆಗೆ ಬರಲು ಹೇಳಿದಳು. ಅಕ್ಕನಿಗಾಗಿ ಅಳುವ ದಿನ ಇಟ್ಟುಕೊಂಡಿದ್ದೇವೆ ಎಂದಳು. ಬೇರೆ ಪದ ಅವಳಿಗೆ ಹಿಂದಿಯಲ್ಲಿ ಸಿಗಲಿಲ್ಲ. ಊರಿನಲ್ಲಿರುವ ತಮ್ಮಂದಿರ ಜೊತೆ ಫೋನಿನಲ್ಲಿ ಮಾತನಾಡಿದ್ದಳು. ಅವರು ಅಲ್ಲಿ ಮಾಡುತ್ತಾರೆ, ನಾನು ಇಲ್ಲಿ ಮಾಡುತ್ತೇನೆ ಎಂದಳು. ಮುದುಕಿಯ ಮಗಳಿಗೆ ನನ್ನ ಬಾಯಿಂದಲೇ ಇದು ತಿಳಿದು, ತಾನೂ ಬರಬಹುದೇ ಎಂದು ನನಗೆ ಮೆಸೇಜ್ ಮಾಡಿದಳು. ದೀದಿಯನ್ನು ಕೇಳಿದೆ. ಅವಳು ಯೋಚಿಸಿದಳು.

"ಬೇಡ," ಎಂದಳು. "ಅವಳ ಮೇಲೆ ಸಿಟ್ಟಿಲ್ಲ. ಅವಳು ಮಗುವಾಗಿದ್ದಳು, ನಾನೂ ಮಗುವಾಗಿದ್ದೆ. ಆದರೆ ಅವಳು ಬಂದರೆ ಎಲ್ಲರೂ ಅವಳನ್ನು ನೋಡುತ್ತಾರೆ. ಆವತ್ತು ಒಂದು ದಿನ ಅಕ್ಕನನ್ನು ನೋಡಲಿ."

ನಾನು ಮಗಳಿಗೆ, ಈಗ ಬೇಡವಂತೆ ಎಂದಷ್ಟೇ ಬರೆದೆ.

ದೀದಿಯ ಕೋಣೆ ಹವಲ್ಲಿಯ ಒಳರಸ್ತೆಯ ಹಳೆಯ ಕಟ್ಟಡದಲ್ಲಿತ್ತು. ಇನ್ನೂ ಮೂವರು ಹೆಂಗಸರ ಜೊತೆ ಹಂಚಿಕೊಂಡಿದ್ದಳು. ಮಂಚಗಳನ್ನು ಗೋಡೆಗೆ ಒರಗಿಸಿ ನೆಲಕ್ಕೆ ಚಾಪೆ ಹಾಸಿದ್ದರು. ಇಲ್ಲಿ ಶುಕ್ರವಾರವೇ ನಡೆಯುವ ಚರ್ಚ್ ಮುಗಿಸಿ ಬಂದ ಅವಳ ದೇಶದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು, ಬಿಳಿ ಶಾಲು ಹೊದ್ದು. ಬಹಳ ಮಂದಿ ಮನೆಗೆಲಸದವರು, ರಜೆ ಕೇಳಿ ಬಂದವರು. ಅವರಲ್ಲಿ ಹೆಚ್ಚಿನವರು ಆ ಕಾಲದ ನಂತರ ಹುಟ್ಟಿದವರು. ಅಕ್ಕನ ಫೋಟೋ ಇರಲಿಲ್ಲ. ಇದ್ದ ಒಂದನ್ನು ತಾಯಿ ಏರ್‌ಪೋರ್ಟಿನಲ್ಲಿ ಯಾರಿಗೋ ತೋರಿಸಲು ಕೊಟ್ಟು ಕಳೆದುಕೊಂಡಿದ್ದಳು.

ವಯಸ್ಸಾದ ಒಬ್ಬಳು ಸಣ್ಣ ದನಿಯಲ್ಲಿ ಶುರು ಮಾಡಿದಳು. ಹಾಡಿನಂತೆ, ಆದರೆ ಹಾಡಲ್ಲ. ನಡುನಡುವೆ ಅಕ್ಕನ ಹೆಸರು ಬರುತ್ತಿತ್ತು. ಉಳಿದವರು ಎದೆಗೆ ಕೈ ಬಡಿದುಕೊಂಡು ದನಿಗೂಡಿಸಿದರು. ದೀದಿ ಗೋಡೆಗೆ ಒರಗಿ ಕೂತವಳು ಮೊದಲು ಸುಮ್ಮನಿದ್ದಳು. ಆಮೇಲೆ ಅವಳಿಂದ ಬಂದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಅಷ್ಟು ಮೆಲ್ಲಗೆ ಮಾತನಾಡುವವಳ ಎದೆಯೊಳಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಹಾರಿಸ್ ಬಾಗಿಲು ತಟ್ಟಿದ. ಯಾರೋ ಹೋಗಿ ಸಾವು ಎಂದರು. ಅವನು ತಲೆ ತಗ್ಗಿಸಿ, ದೇವರು ಶಾಂತಿ ಕೊಡಲಿ ಎಂದು ಅರಬಿಯಲ್ಲಿ ಹೇಳಿ, ಯಾವಾಗ ತೀರಿಕೊಂಡದ್ದು ಎಂದು ಕೇಳಿದ. ಬಾಗಿಲಲ್ಲಿದ್ದವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ನಾನೂ ಅತ್ತೆ. ಕೊರೊನಾದ ಕಾಲದಲ್ಲಿ ಅಪ್ಪ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ಮಂಗಾಫಿನ ನಮ್ಮ ಫ್ಲ್ಯಾಟಿನಲ್ಲಿ ಕೂತು ಅಪ್ಪನ ಉತ್ತರಕ್ರಿಯೆಯನ್ನು, ಬೊಜ್ಜವನ್ನು, ಮೊಬೈಲಿನಲ್ಲಿ ನೋಡಿದ್ದೆ. ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು, ಅಳು ಬರಲಿಲ್ಲ. ಅಪರಿಚಿತ ಹೆಂಗಸರ ನಡುವೆ, ನೋಡದ ಹುಡುಗಿಯೊಬ್ಬಳ ನೆಪದಲ್ಲಿ ಅದು ಬಂತು. ಪಕ್ಕದವಳು ಯಾರೆಂದು ಕೇಳದೆ ನನ್ನ ಬೆನ್ನು ಸವರಿದಳು.

ಮುದುಕಿಯ ಕೊನೆಯ ಭೇಟಿ ಬೇಸಿಗೆ ಮುಗಿಯುವ ಹೊತ್ತಿಗೆ ಬಂತು. ಅಳಿಯನಿಗೆ ಬೇರೆ ದೇಶಕ್ಕೆ ವರ್ಗವಾಗಿತ್ತು, ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳಿದ್ದವು. ಮಗಳು ಒಂದಾದ ಮೇಲೊಂದು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಳು. ತಾಯಿ ಮಗಳು ಒಂದೇ ಕೋಣೆಯಲ್ಲಿದ್ದರೂ ಮಾತನಾಡುತ್ತಿರಲಿಲ್ಲ. ಏನಾದರೂ ಬೇಕಾದರೆ ತಾಯಿ ನನಗೆ ಹೇಳುತ್ತಿದ್ದಳು, ನಾನು ಮಗಳಿಗೆ ಹೇಳುತ್ತಿದ್ದೆ. ಆ ಮನೆಯಲ್ಲಿ ನಡೆದದ್ದನ್ನು ನಾನು ಕೇಳಲಿಲ್ಲ.

ಆಕೆ ಕೋಲು ಹಿಡಿದು ಬಾಲ್ಕನಿಯವರೆಗೂ ಒಬ್ಬಳೇ ನಡೆದಳು. ನಾನು ಪಕ್ಕದಲ್ಲಿ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿದ್ದೆ. ಹಿಡಿಯುತ್ತಿದ್ದೆನೇ ಎಂದು ಯಾರಾದರೂ ಕೇಳಿದರೆ, ಹಿಡಿಯುತ್ತಿದ್ದೆ. ನನ್ನ ಕೈಗೆ ಬೇರೆ ಏನೂ ಗೊತ್ತಿಲ್ಲ. ಆದರೆ ಆ ದಿನ ಆಕೆಯ ಕಾಲು ಸರಿಯಾದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ದುಃಖವೂ ಆಗಲಿಲ್ಲ.

"ಅವಳು ಬರಲಿಲ್ಲ," ಎಂದಳು ಆಕೆ, ಸಮುದ್ರ ನೋಡುತ್ತ.

"ಇಲ್ಲ."

"ಅವಳ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ."

ಬೆಳಿಗ್ಗೆ ಸಂಜೆ ವ್ಯಾಯಾಮ ಬಿಡಬೇಡಿ, ತಗ್ಗಿನ ಕುರ್ಚಿಯಲ್ಲಿ ಕೂರಬೇಡಿ ಎಂದು ಎಲ್ಲ ರೋಗಿಗಳಿಗೂ ಹೇಳುವುದನ್ನು ಹೇಳಿ ಹೊರಟೆ. ಕಾಫಿ ಕುಡಿದು ಹೋಗು ಎಂದಳು. ಬಟ್ಟಲುಗಳನ್ನೆಲ್ಲ ಪ್ಯಾಕ್ ಮಾಡಿಯಾಗಿದೆ ಎಂದು ಮಗಳು ಒಳಗಿನಿಂದ ಹೇಳಿದಳು.

ಮರುದಿನ ಬೆಳಿಗ್ಗೆ ದೀದಿ ಚಿಕಿತ್ಸೆಯ ಮಂಚಗಳಿಗೆ ಹೊಸ ಹೊದಿಕೆ ಹಾಸುತ್ತಿದ್ದಳು. ಅಕ್ಕನಿಗಾಗಿ ಅತ್ತ ದಿನದಿಂದ ಅವಳು ಕಪ್ಪು ಸ್ಕಾರ್ಫ್ ಕಟ್ಟುತ್ತಿದ್ದಳು. ವರ್ಷ ತುಂಬುವವರೆಗೆ ಕಟ್ಟುತ್ತೇನೆ ಎಂದಿದ್ದಳು. ರೋಗಿಗಳು ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರು. ಅಕ್ಕ ಎನ್ನುತ್ತಿದ್ದಳು, ಅವರು ಅಯ್ಯೋ ಎನ್ನುತ್ತಿದ್ದರು, ಅವಳು ಆ ಅಯ್ಯೋವನ್ನು ತಲೆಯಾಡಿಸಿ ಸ್ವೀಕರಿಸುತ್ತಿದ್ದಳು.

"ಹೋದರಾ?" ಎಂದು ಕೇಳಿದಳು.

"ಈ ವಾರ ಹೋಗುತ್ತಾರೆ."

"ನಡೆಯುತ್ತಾಳಾ?"

"ನಡೆಯುತ್ತಾಳೆ."

ದೀದಿ ಹೊದಿಕೆಯ ಮೂಲೆಯನ್ನು ಎಳೆದು ಸರಿಮಾಡಿದಳು. "ಯಲ್ಲಾ, ಬೇಗ," ಎಂದಳು, "ಮೊದಲನೆಯವರನ್ನು ಕರೆ. ಆಗಲೇ ಬಂದು ಕೂತಿದ್ದಾರೆ."